ಓದಿ ಹೇಳದೆ ಬಿಟ್ಟ ಸಾಲು

ಪೋಂ... ಪೋಂ... ರಬ್ಬರ್ ಹಾರ್ನ್ ಹಿಚುಕಿದಾಗ ಬರುವ ಆ ಸದ್ದು. ಮೊನ್ನೆ ಕೊಪ್ಪದ ಪೇಟೆಯಲ್ಲಿ ಐಸ್‌ಕ್ರೀಮ್ ಗಾಡಿಯವನೊಬ್ಬ ಅಂಥದೇ ಸದ್ದು ಮಾಡಿಕೊಂಡು ಹೋದ. ನಾನು ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ನಿಂತೇಬಿಟ್ಟೆ. ಹಿಂದೆ ನಮ್ಮ ರಸ್ತೆಗೆ ಮೀನು ಮಾರುವವನು ಸ್ಕೂಟರಿನಲ್ಲಿ ಹೀಗೇ ಬರುತ್ತಿದ್ದ. ಆ ಸದ್ದಿಗೆ ನನಗಿಂತ ಮೊದಲು ಗೇಟಿಗೆ ಬರುತ್ತಿದ್ದವರು ಎದುರುಮನೆಯ ಸ್ಟುಡಿಯೋದವರು. ಮೊಟ್ಟೆಯನ್ನೂ ಮುಟ್ಟದ ಮನೆ ಅವರದು!

"ಏನು ಸ್ವಾಮಿ, ಯಾವಾಗಿಂದ ಶುರು ಮಾಡಿದ್ರಿ?" ಎಂದು ಮೀನಿನವನು ಮೊದಲ ದಿನ ಕಿಚಾಯಿಸಿದ್ದ.

"ನಂಗಲ್ಲ ಮಾರಾಯ, ನಮ್ಮನೆ ಮೀನಿಗೆ."

"ಮೀನಿಗೆ ಮೀನಾ!" ಅವನು ನಕ್ಕಿದ್ದು ರಸ್ತೆಯ ತುದಿಯವರೆಗೂ ಕೇಳಿಸಿರಬೇಕು.

ಎಲ್ಲರ ಕೈಗೂ ಕ್ಯಾಮೆರಾ ಫೋನ್ ಬಂದ ಮೇಲೆ ಅವರ ಫೋಟೋ ಸ್ಟುಡಿಯೋಗೆ ಬರುತ್ತಿದ್ದವರು ಪಾಸ್‌ಪೋರ್ಟ್ ಸೈಜಿನವರು ಮಾತ್ರ. ಖಾಲಿಯಾದ ಡಾರ್ಕ್‌ರೂಮಿನಲ್ಲಿ ಅವರು ಸಮುದ್ರದ ಮೀನಿನ ಅಕ್ವೇರಿಯಂ ಇಟ್ಟರು. ಅದಕ್ಕೆಂದೇ ಬರುವ ಉಪ್ಪನ್ನು ಅಳೆದು ನೀರಿಗೆ ಬೆರೆಸುವುದು, ಥರ್ಮಾಮೀಟರ್ ನೋಡುವುದು... ಫಿಲ್ಮ್ ತೊಳೆದು ಪಳಗಿದ ಕೈಗೆ ಅದೆಲ್ಲ ಸಲೀಸು. ಸಣ್ಣಪುಟ್ಟ ಮೀನುಗಳನ್ನು ಎರಡು ವರ್ಷ ಚೆನ್ನಾಗಿಯೇ ಸಾಕಿದರು. ಆಮೇಲೆ ಮಂಗಳೂರಿನ ಅಂಗಡಿಯೊಂದರಿಂದ ಆ ಬಟರ್‌ಫ್ಲೈ ಫಿಶ್ ತಂದರು. ತೀರಾ ಅಪರೂಪದ್ದು. ಅಂಗೈಯಗಲದ ಬಿಳಿ ಮೈ, ಓರೆಯಾಗಿ ಎಳೆದ ಕಿತ್ತಳೆ ಗೆರೆಗಳು, ಕಣ್ಣಿನ ಮೇಲೆ ಕಾಡಿಗೆಯಂಥ ಪಟ್ಟಿ. ನಾನು "ಎಕ್ಸ್‌ಕ್ವಿಸಿಟ್" ಎಂದೆ. ಅರ್ಥವಾಗದಿದ್ದರೂ ಅವರಿಗೆ ಖುಷಿಯಾಯಿತು.

ಅದು ಏನನ್ನೂ ತಿನ್ನಲಿಲ್ಲ.

ಮೂರನೇ ದಿನ ಆ ಮೀನಿನ ಬಗ್ಗೆ ಹುಡುಕಿ ತೆಗೆದ ಪುಟವಿದ್ದ ಫೋನ್ ಹಿಡಿದು ನಮ್ಮ ಜಗಲಿಗೆ ಬಂದರು. "ಎಂತ ಬರ್ದಿದಾರೆ ನೋಡಿ ಹೇಳಿ ಮಿಸ್. ಎಲ್ಲ ಇಂಗ್ಲಿಷು." ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು, ಊರಿಗೆಲ್ಲ ಮಿಸ್. ಕನ್ನಡಕ ಹಾಕಿಕೊಂಡು ಓದಿದೆ. ಈ ಜಾತಿಯ ಮೀನು ತಿನ್ನುವುದು ಜೀವಂತ ಹವಳವನ್ನು ಮಾತ್ರ, ಮನೆಯ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಸಿದು ಸಾಯುತ್ತವೆ, ಕೊಳ್ಳಬೇಡಿ. ಪ್ಲೀಸ್ ಎಂದೇ ಬರೆದಿತ್ತು. ಅದರ ಕೆಳಗೆ ಇನ್ಯಾರೋ, ಚಿಪ್ಪಿನ ಮಾಂಸ ಅರೆದು ಕಲ್ಲಿಗೆ ಮೆತ್ತಿಟ್ಟರೆ ಅಪರೂಪಕ್ಕೆ ಒಂದೆರಡು ತಿಂದಾವು ಎಂದಿದ್ದರು.

ತಲೆಯೆತ್ತಿ ಅವರ ಮುಖ ನೋಡಿದೆ. ಅನ್‌ಪ್ಲೆಸೆಂಟ್ ಮಾತನ್ನು ಯಾರ ಎದುರಿಗೂ ಆಡಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನಮಗೆ ಕಲಿಸಿದ್ದರು... ಮೇಲಿನದನ್ನು ಬಿಟ್ಟು ಕೆಳಗಿನದನ್ನಷ್ಟೇ ಹೇಳಿದೆ. "ಮರುವಾಯಿ ಚಿಪ್ಪಿಂದು ಮಾಂಸ ಕೊಡಬೇಕಂತೆ. ನಿಧಾನಕ್ಕೆ ಅಭ್ಯಾಸ ಆಗತ್ತಂತೆ."

ಒಂದು ವಾರದೊಳಗಾದರೆ ಮೀನನ್ನು ವಾಪಸು ತೆಗೆದುಕೊಳ್ಳುತ್ತೇನೆಂದು ಅಂಗಡಿಯವನು ಹೇಳಿದ್ದನಂತೆ. ಅದು ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ.

ಅವರ ಅಡುಗೆಮನೆಗೆ ಮರುವಾಯಿ ಒಯ್ಯುವಂತಿಲ್ಲ. ಹಾಗಾಗಿ ಚಿಪ್ಪು ಬಿಡಿಸಿ ಅರೆಯುವ ಕೆಲಸ ನನ್ನ ಮನೆಯಲ್ಲಿ. ಅವರು ಮೂಗಿಗೆ ಟವೆಲ್ ಕಟ್ಟಿಕೊಂಡು, ಕಾಲು ಉಜ್ಜುವ ಹೊಸ ಕಲ್ಲೊಂದರ ತೂತುಗಳಿಗೆ ಅದನ್ನು ಬೆಂಕಿಕಡ್ಡಿಯಿಂದ ತುಂಬುತ್ತಿದ್ದರು. ಆಮೇಲೆ ಇಬ್ಬರೂ ಗಾಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರುವುದು. ಮೀನು ಕಲ್ಲಿನ ಹತ್ತಿರ ಬರುತ್ತಿತ್ತು, ಮೂತಿ ಚಾಚುತ್ತಿತ್ತು. ಒಮ್ಮೆ ಕಚ್ಚಿತು ಕೂಡ! ಅವರು ಸ್ಟೂಲಿನಿಂದ ಎದ್ದೇಬಿಟ್ಟರು. ಮರುಗಳಿಗೆ ಉಗುಳಿತು.

ಅವರ ಹೆಂಡತಿಗೆ ಇದನ್ನು ನೋಡಲಾಗಲಿಲ್ಲ. ಒಂದು ದಿನ ಶೃಂಗೇರಿಗೆ ಹೋಗಿ ಬಂದವರೇ, ಹೊಳೆಯ ಮೀನಿಗೆ ಹಾಕಿ ಉಳಿದಿದ್ದ ಮಂಡಕ್ಕಿಯನ್ನು ಟ್ಯಾಂಕಿಗೆ ಸುರಿದರು. "ಅಲ್ಲಿ ಕೈ ನೀಡಿದ್ರೆ ಸಾಕು, ಬಾಯಿ ಬಿಟ್ಕೊಂಡು ಬರ್ತಾವೆ. ಇದಕ್ಕೆಂತ ಧಾಡಿ?" ಎಂದು ಕೇಳಿದವರ ಕಣ್ಣು ತುಂಬಿತ್ತು. ಸ್ಟುಡಿಯೋದವರು ಬೈಯಲಿಲ್ಲ. ಟೀ ಸೋಸುವ ಜಾಲರಿಯಲ್ಲಿ ಒಂದೊಂದೇ ಮಂಡಕ್ಕಿಯನ್ನು ಎತ್ತಿದರು.

ಮೀನಿನ ಬೆನ್ನು ಕತ್ತಿಯ ಹಾಗೆ ತೆಳ್ಳಗಾಯಿತು. ಗೆರೆಗಳ ಬಣ್ಣ ಮಾತ್ರ ಹಾಗೇ... ಅದೇ ಹೆಚ್ಚು ಸಂಕಟ. ಜೀವಂತ ಹವಳ ಸಿಗುತ್ತದೆಯೇ ಎಂದು ನಾನೇ ಗುಟ್ಟಾಗಿ ವಿಚಾರಿಸಿದೆ. ನಮ್ಮಲ್ಲಿ ಅದನ್ನು ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. "ಸಮುದ್ರಕ್ಕೆ ಬಿಟ್ಟುಬಿಡಿ" ಎಂದೆ. "ಇದು ನಮ್ಮ ಕಡೆ ಸಮುದ್ರದ್ದಲ್ಲ ಮಿಸ್. ಎಲ್ಲಿಂದ್ಲೋ ತಂದಿದ್ದು. ಇಲ್ಲಿ ಬಿಟ್ರೆ ಅದಕ್ಕೆಂತ ಸಿಗತ್ತೆ?" ಎಂದರು. ಆವತ್ತಾದರೂ ನಿಜ ಹೇಳಬಹುದಿತ್ತು. ಇನ್ನು ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಎಕ್ಸ್‌ಕ್ಯೂಸ್ ಕೊಟ್ಟುಕೊಂಡೆ.

ಕೊನೆಗೆ ಮಂಗಳೂರಿನಲ್ಲಿ ದೊಡ್ಡ ಟ್ಯಾಂಕ್ ಇಟ್ಟಿರುವವರೊಬ್ಬರು, ತನ್ನಿ ನೋಡೋಣ ಎಂದರಂತೆ. ಸ್ಟುಡಿಯೋದವರು ಮೀನು ತೆಗೆದುಕೊಂಡು ಹೊರಟ ವಾರವೇ ನಾನು ಕಣ್ಣಿನ ಆಪರೇಷನ್ನಿಗೆಂದು ತಂಗಿಯ ಊರಿಗೆ ಹೋದೆ. ಒಂದೂವರೆ ತಿಂಗಳು ಬಿಟ್ಟು ಬರುವಷ್ಟರಲ್ಲಿ ಅವರು ಇರಲಿಲ್ಲ. ಹಾರ್ಟ್ ಅಟ್ಯಾಕ್ ಅಂತೆ. ಈಗ ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಅಂಗಡಿ. ಮೀನು ಏನಾಯಿತೆಂದು ಅವರ ಹೆಂಡತಿಯನ್ನು ಕೇಳಲು ಇವತ್ತಿನವರೆಗೂ ನನಗೆ ಬಾಯಿ ಬಂದಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಬೆಳಗಿನ ಮಂಗಳೂರು ಬಸ್ಸಿನ ಕಿಟಕಿಯಲ್ಲಿ. ಇವತ್ತು ಹೇಳಿಯೇಬಿಡಬೇಕೆಂದು ಹೋಗಿದ್ದೆ. ತೊಡೆಯ ಮೇಲಿನ ಥರ್ಮೋಕೋಲ್ ಬಾಕ್ಸನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದರು. ಯಾರೂ ಒತ್ತದಿರಲೆಂದು ಪಕ್ಕದ ಸೀಟಿಗೂ ಟಿಕೆಟ್ ತೆಗೆಸಿದ್ದರು. "ಒಳಗೆಂತ ಸ್ವಾಮಿ, ಐಸಾ?" ಎಂದ ಕಂಡಕ್ಟರ್. "ಪೇಶೆಂಟು" ಎಂದರು, ನಗದೆ.

ನನ್ನನ್ನು ಕಂಡು ಕಿಟಕಿಗೆ ಬಗ್ಗಿದರು. "ಬೆಳಿಗ್ಗೆ ಲೈಟ್ ಹಾಕಿದ ಕೂಡ್ಲೆ ನನ್ನ ಹತ್ರವೇ ಬಂತು ಮಾರಾಯ್ರೆ. ದೊಡ್ಡ ಟ್ಯಾಂಕಲ್ಲಾದ್ರೆ ತಿಂದೀತು ಅಲ್ವಾ ಮಿಸ್?"

ಡ್ರೈವರ್ ಬಸ್ ಸ್ಟಾರ್ಟ್ ಮಾಡಿದ.

"ಶೂರ್ ಆಗಿ ತಿನ್ನತ್ತೆ" ಎಂದೆ.

ಅವರು ಸಮಾಧಾನದಿಂದ ತಲೆಯಾಡಿಸಿದರು. ಬಸ್ಸು ತಿರುಗುವಾಗ ಕಿಟಕಿಯಿಂದ ಬಿದ್ದ ಬಿಸಿಲಿಗೆ, ಬಾಕ್ಸಿನ ಮುಚ್ಚಳದ ಮೇಲೆ ಅಂಗೈ ಅಡ್ಡ ಹಿಡಿದರು...