ಮಣ್ಣಿಗೆ ಹೋದ ಗಡ್ಡೆ, ಗಾಜಿನ ಮೇಲೆ ಉಳಿದ ಕೋಶಗಳು

ದಾಂಡೇಲಿಯ ನಮ್ಮ ಓಣಿಯ ಮಕ್ಕಳೆಲ್ಲ ಪಕ್ಕದ ಮನೆಯಾಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಅವರು ಮುಸಲ್ಮಾನರು, ನಾವಲ್ಲ. ಆದರೆ ಅವ್ವ ಕೆಲಸಕ್ಕೆ ಹೋದಾಗ ನನಗೆ ಉಣ್ಣಿಸಿದ್ದು ಖಾಲಾನೇ. ಈಗ ನಾನು ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಜೀವಕೋಶಗಳನ್ನು ನೋಡಿ ರೋಗ ಹೇಳುವ ಡಾಕ್ಟರು.

ಖಾಲಾನ ಎದೆಯಲ್ಲಿ ಗಡ್ಡೆ ಕಂಡಾಗ ಸೂಜಿಯಿಂದ ತೆಗೆದ ಮಾದರಿ ನನ್ನ ಹತ್ತಿರವೇ ಬಂತು. ಕೋಶಗಳು ನೆಟ್ಟಗಿರಲಿಲ್ಲ, ಹಾಗಂತ ಕ್ಯಾನ್ಸರ್ ಎಂದು ಬರೆಯುವಷ್ಟು ಕೆಟ್ಟೂ ಇರಲಿಲ್ಲ. ಗಡ್ಡೆಯನ್ನು ತೆಗೆದು ಪೂರ್ತಿ ಕಳಿಸಿ ಎಂದು ಬರೆದೆ.

ಗಡ್ಡೆ ತೆಗೆದರು, ಆದರೆ ಅದು ನನಗೆ ಮುಟ್ಟಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ, ಗಡ್ಡೆಯಿಟ್ಟ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟಿದ್ದೇವೆ ಎಂದರು. ಸಣ್ಣ ಆಸ್ಪತ್ರೆಗಳಲ್ಲಿ ಅದು ರೂಢಿ, ರೋಗಿಯ ಕಡೆಯವರೇ ಲ್ಯಾಬಿಗೆ ತಂದು ಕೊಡುತ್ತಾರೆ. ಬಾಟಲಿ ಇಸಿದುಕೊಂಡಿದ್ದು ಖಾಲಾನ ತಮ್ಮ, ದಾಂಡೇಲಿಯಲ್ಲಿ ಗ್ಯಾರೇಜ್ ಇಟ್ಟವನು. ಪರೀಕ್ಷೆ ಸೂಜಿಯಲ್ಲೇ ಮುಗಿದಿದೆ ಅಂದುಕೊಂಡು, ಗಡ್ಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಬರಸ್ತಾನದ ಮೂಲೆಯಲ್ಲಿ ಹೂತು ಬಂದಿದ್ದ.

"ಮೈಯಾಗಿಂದು ತಗದ್ರ ಮಣ್ಣಿಗೆ ಕೊಡ್ಬೇಕವ್ವಾ. ಕಸದ ಡಬ್ಬಿಗೆ ಹಾಕಾಕ ಬಿಡ್ಲೇನು?" ಎಂದ.

ನನಗೆ ಮೈಯೆಲ್ಲ ಉರಿಯಿತು. ಅವನ ದೃಷ್ಟಿಯಲ್ಲಿ ಅವನು ಮಾಡಿದ್ದು ಧರ್ಮದ ಕೆಲಸ. ಬೈದು ಏನು ಮಾಡುವುದು? ಅಗೆದು ತೆಗೆದರೂ ಉಪಯೋಗವಿರಲಿಲ್ಲ, ಮಣ್ಣಿನಲ್ಲಿ ಕೋಶಗಳು ಬೇಗ ಕೊಳೆಯುತ್ತವೆ.

ಉಳಿದದ್ದು ಸೂಜಿಯ ಮಾದರಿ ಸವರಿದ ಗಾಜಿನ ಪಟ್ಟಿ. ಹಳೆಯ ಬಣ್ಣ ತೊಳೆದು, ಡಿಎನ್‌ಎಗೆ ಮಾತ್ರ ಹಿಡಿಯುವ ಕೆಂಪು ಬಣ್ಣ ಹಾಕಿದೆ. ಕೋಶದಲ್ಲಿ ಡಿಎನ್‌ಎ ಹೆಚ್ಚಿದ್ದಷ್ಟೂ ಬಣ್ಣ ಗಾಢವಾಗುತ್ತದೆ. ಎಷ್ಟು ಗಾಢವೆಂದು ಕ್ಯಾಮೆರಾ ಅಳೆಯುತ್ತದೆ. ಆರೋಗ್ಯದ ಕೋಶಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಸಮ. ಕ್ಯಾನ್ಸರಿನ ಕೋಶಗಳಲ್ಲಿ ಅನೇಕ ಸಲ ಅಂಕೆ ತಪ್ಪಿರುತ್ತದೆ. ಈ ಅಳತೆಯೊಂದನ್ನೇ ನಂಬಿ ತೀರ್ಪು ಹೇಳುವಂತಿಲ್ಲ. ಆದರೆ ಅನುಮಾನವಿದ್ದ ಕಡೆ ಅದು ತಕ್ಕಡಿಯನ್ನು ಒಂದು ಕಡೆ ವಾಲಿಸಬಲ್ಲದು. ಇಲ್ಲಿ ವಾಲಿಸಿತು. ಸಂಶಯದ ಕೋಶಗಳ ಅಳತೆ ಮಿತಿ ಮೀರಿ ಚೆಲ್ಲಾಪಿಲ್ಲಿಯಾಗಿತ್ತು.

ವರದಿ ನೋಡಿದ ಸರ್ಜನ್, ಬೇರು ಉಳಿದಿರಬಹುದು, ಇನ್ನೊಂದು ದೊಡ್ಡ ಆಪರೇಷನ್ ಬೇಕು, ತಡಮಾಡಬಾರದು ಎಂದರು. ಖಾಲಾ ಒಪ್ಪಲಿಲ್ಲ. ಕೆಟ್ಟದ್ದು ಮಣ್ಣಾಯಿತು, ಇನ್ನು ಕತ್ತರಿಸುವುದೇನಿದೆ ಎಂದು ಹಟ ಹಿಡಿದು ಕೂತಳು. ಆಕೆಯ ತಮ್ಮ ಕಾಲು ಹಿಡಿದು ಬೇಡಿದರೂ ಕೇಳಲಿಲ್ಲ. ಕೊನೆಗೆ ರವಿವಾರ ನಾನೇ ದಾಂಡೇಲಿಗೆ ಹೋದೆ. ಬಸ್ಸಿನಲ್ಲಿ ಕೂತು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಭಯವಾಗಿತ್ತು, ಸುಳ್ಳೇಕೆ ಹೇಳಲಿ.

ಖಾಲಾ ಅಡುಗೆಮನೆಯ ಹೊಸ್ತಿಲಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಫೋನಿನಲ್ಲಿ ಅಳತೆಯ ಚಿತ್ರ ತೋರಿಸಿದೆ. ಎಡಕ್ಕೆ ಒತ್ತಾಗಿ ನಿಂತ ಚುಕ್ಕೆಗಳು ಸರಿಯಾದ ಕೋಶಗಳು, ಬಲಕ್ಕೆ ಚದುರಿದವು ಕೆಟ್ಟವು ಎಂದು ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಪಾಠ ಮಾಡುವವರ ದನಿಯಾಗಿತ್ತು. ಆಕೆ ಬಲಗಡೆ ನೋಡಲೇ ಇಲ್ಲ. ಎಡಗಡೆಯ ಗುಂಪಿನ ಮೇಲೆ ಬೆರಳಿಟ್ಟಳು.

"ಇವು ಯಾರ್ವು?"

"ಅವೂ ನಿನ್ನವ, ಖಾಲಾ. ಬ್ಯಾರೆಯವರವಲ್ಲ. ಚಲೋ ಇದ್ದವನ್ನ ಮುಂದಿಟ್ಕೊಂಡ ಕೆಟ್ಟವನ್ನ ಅಳದೀನಿ."

ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಬಹಳ ಹೊತ್ತು ನೋಡಿದಳು. ಗಡ್ಡೆ ಕಂಡಂದಿನಿಂದ ಕನ್ನಡಿ ನೋಡುವುದನ್ನೇ ಬಿಟ್ಟಿದ್ದಾಳೆಂದು ಆಕೆಯ ತಮ್ಮ ನನಗೆ ಹೇಳಿದ್ದ.

"ಕೆಟ್ಟದ್ದು ಮಣ್ಣಾತು ಅಂತ ಬಾಯ್ಲೆ ಅಂದೆ, ಖರೇ ಅಂದ್ರ ನನ್ನ ಮೈ ಪೂರಾ ಕೆಟ್ಟೈತಿ ಅಂತ ತಿಳ್ದಿದ್ದೆ. ಇನ್ನ ಕೊಯ್ಯೂದು ಯಾಕ, ಹೆಂಗೂ ಹೋಗೂದ ಐತಿ ಅಂತ..." ಎಂದಳು. ನಂತರ ಬೆರಳನ್ನು ಅಲ್ಲೇ ಇಟ್ಟುಕೊಂಡು, "ಇವನ್ನ ಉಳಿಸಿ ಕೊಡ್ರಿ ಅಂತ ಹೇಳು ಆ ಡಾಕ್ಟರ್‌ಗೆ. ನಾ ಬರ್ತೇನಿ," ಎಂದಳು.