ಬೋರ್ಡು ನೋಡಿ ಉಳಿಸಿಕೊಂಡ ಆಣೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಚತುಃಸೀಮೆಯ ಸಮಸ್ತ ಗೆಳೆಯ ಮಹಾಪ್ರಭುಗಳ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ಇನ್ನು ಬಾರ್ ಮೆಟ್ಟಿಲು ಹತ್ತುವುದಿಲ್ಲ ಎಂದು ಬೀರೇಶ್ವರನ ಅರಿಶಿನ ಭಂಡಾರ ಮುಟ್ಟಿ ಆಣೆ ಮಾಡಿದ್ದ ನಮ್ಮ ಮಾಮಾ, ಇಂದು ಮಧ್ಯಾಹ್ನ ಮುಧೋಳ ರಸ್ತೆಯ ಒಂದು ಕುಡಿಯುವ ಅಡ್ಡೆಯಲ್ಲಿ ಗ್ಲಾಸಿನ ಸಮೇತ ಸಿಕ್ಕಿಬಿದ್ದ. ಅತ್ತೆ ನನ್ನ ಸ್ಕೂಟಿಯಿಂದ ಇಳಿದವಳೇ ಒಳಗೆ ನುಗ್ಗಿದಳು.

“ದೇವರ ಆಣಿ ಮುರದ್ರೆಲ್ರೀ!”

“ಎಲ್ಲಿ ಮುರದೇನಿ? ಹೊರಗ ಬೋರ್ಡ್ ಓದು. ಫ್ಯಾಮಿಲಿ ಗಾರ್ಡನ್ ಅಂತ ಬರದಾರ. ಬಾರ್ ಅಂತ ಎಲ್ಲೈತಿ?”

ಅತ್ತೆ ಸೆರಗಿನ ಗಂಟು ಬಿಚ್ಚಿ ಭಂಡಾರ ತೆಗೆದಳು. “ಹಂಗಾರ ಎಲ್ಲಾ ಹೆಸರ ತಗೊಂಡು ಮತ್ತ ಆಣಿ ಮಾಡ್ರಿ. ಯಪ್ಪಗೋಳ್ರಾ, ಕುಡಿಯೂ ಜಾಗಾಕ್ಕ ಏನೇನ್ ಅಂತಾರ, ಹೇಳ್ರಿ!”

ಭಂಡಾರ ಕಂಡದ್ದೇ ತಡ, ಅಕ್ಕಪಕ್ಕದ ಮೇಜಿನ ಕುಡುಕರೆಲ್ಲ ಚಪ್ಪಲಿ ಬಿಟ್ಟು ಎದ್ದು ನಿಂತರು.

“ವೈನ್ ಶಾಪ್ ಸೇರಸ್ರಿ, ಅಕ್ಕಾರ.”

“ಧಾಬಾ ಬಿಡಬ್ಯಾಡ್ರಿ. ಸೆರೆ ಅಂಗಡಿನೂ ಐತಿ.”

“ಆಫೀಸರ್ಸ್ ಕ್ಲಬ್!”

“ಲೇ, ಅಲ್ಲಿ ಇವನ್ನ ಯಾರ ಬಿಟ್ಕೋತಾರ?”

“ಇರ್ಲಿ ಬಿಡೋ, ದೇವರ ಕೆಲಸ.”

ಮಾಮಾ ಒಂದೊಂದು ಹೆಸರು ಹೇಳಿ ಆಣೆ ಮಾಡುತ್ತ ಸೊಪ್ಪಿನಂತೆ ಬಾಡಿದ. ಅತ್ತೆ ಎಲ್ಲರ ಹಣೆಗೂ ಭಂಡಾರ ಹಚ್ಚಿದಳು. ಅವರು ಭಕ್ತಿಯಿಂದ ಕಣ್ಣು ಮುಚ್ಚಿ ಹಚ್ಚಿಸಿಕೊಂಡು, ಕೂತು, ಮತ್ತೆ ಗ್ಲಾಸು ಎತ್ತಿದರು.

ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಇಂಥ ಜಾಗಗಳ ಬೋರ್ಡಿನ ಮೇಲೆ ‘ಪರ್ಮಿಟ್ ರೂಮ್’ ಎಂದಿರುತ್ತದೆ. ಆ ಹೆಸರು ಈ ಕುಡುಕರಲ್ಲಿ ಯಾರಿಗೂ ನೆನಪಾಗಲಿಲ್ಲ.

ನನಗೆ ನೆನಪಾಗಿತ್ತು. ಹೇಳಲಿಲ್ಲ. ಅಷ್ಟು ದೂರ ಮಾಮಾ ಒಬ್ಬನೇ ಹೋಗುವುದಿಲ್ಲ, ನನ್ನನ್ನೂ ಕರೆದುಕೊಂಡು ಹೋಗುತ್ತಾನೆ.