ಬಾಣಂತಿ ಕೋಣೆಯ ಕಿಟಕಿ

ಆಗೆಲ್ಲ ನನ್ನ ಪಾಲಿಗೆ ಕರೆಂಟ್ ಹೋಗುವುದೆಂದರೆ ಅಜ್ಜಿಯ ಕಥೆಗಳಲ್ಲಿ ಮಾತ್ರ ನಡೆಯುವ ಸಂಗತಿ. ಉಡುಪಿಯ ಹತ್ತಿರದ ಅವಳ ಮನೆಯಲ್ಲಿ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತಂತೆ, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಂತೆ. ನಾವಿದ್ದದ್ದು ಮೆಲ್ಬೋರ್ನ್‌ನ ಪೂರ್ವದ ಅಂಚಿನಲ್ಲಿ, ಗುಡ್ಡದ ಮೇಲೆ, ಕತ್ತೆತ್ತಿ ನೋಡಿದರೂ ತುದಿ ಕಾಣದ ಗಮ್ ಮರಗಳ, ಅಂದರೆ ನೀಲಗಿರಿ ಮರಗಳ, ನಡುವಿನ ಸಬರ್ಬಿನಲ್ಲಿ. ಒಂಬತ್ತು ವರ್ಷದವರೆಗೆ ನಾನಲ್ಲಿ ಒಂದು ಗಂಟೆಯ ಕತ್ತಲೆಯನ್ನೂ ಕಂಡಿರಲಿಲ್ಲ. ಆ ಜೂನ್‌ನಲ್ಲಿ ಕಂಡೆ.

ಜೂನ್ ಎಂದರೆ ನಮಗೆ ಚಳಿಗಾಲ. ತಮ್ಮ ಹುಟ್ಟಿ ಹದಿನಾರು ದಿನವಾಗಿತ್ತು. ಬಾಣಂತನಕ್ಕೆಂದು ಬಂದ ಅಜ್ಜಿ, ಅಮ್ಮನ ಅಮ್ಮ, ಬಂದ ದಿನವೇ ಮನೆಯ ಯಜಮಾನಿಕೆ ತೆಗೆದುಕೊಂಡಿದ್ದಳು. ಇಡೀ ಮನೆ ಮೆಂತೆ ಗಂಜಿ, ಓಮದ ಕಷಾಯ, ಬಿಸಿ ಮಾಡಿದ ತೆಂಗಿನೆಣ್ಣೆಯ ವಾಸನೆಯಲ್ಲಿ ಮುಳುಗಿತ್ತು. ಅಮ್ಮನ ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಕಿಟಕಿಯ ಹತ್ತಿರ ಯಾರಾದರೂ ಸುಳಿದರೆ ಸಾಕು, "ಬಾಣಂತಿಗೆ ಗಾಳಿ ತಾಗ್ಬಾರ್ದು!" ಎಂದು ಅಡುಗೆಮನೆಯಿಂದಲೇ ಗುಡುಗುತ್ತಿದ್ದಳು.

ನನಗೂ ಅವಳಿಗೂ ಮಾತಿನದ್ದೇ ಜಗಳ. ನಾನು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅಜ್ಜಿಗೆ ಇಂಗ್ಲಿಷ್ ಬಾರದು. "ಬಾಯಲ್ಲಿ ಎಂತ ಬಿಸಿ ಗೆಣಸು ಉಂಟಾ? ಬಿಡಿಸಿ ಹೇಳು ಮಾರಾಯ್ತಿ" ಎಂದು ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ನನಗೆ ಆ ಬೈಗುಳ ಕೇಳಿದರೆ ಸಿಟ್ಟು ನೆತ್ತಿಗೇರುತ್ತಿತ್ತು.

ಅಪ್ಪ ನಗರದ ಆ ತುದಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಆ ರಾತ್ರಿ ಅವನು ಡ್ಯೂಟಿಗೆ ಹೋದ ಮೇಲೆ ಶುರುವಾದ ಗಾಳಿ ಬೆಳಗಿನವರೆಗೂ ಬಿಡಲಿಲ್ಲ. ಎದ್ದು ನೋಡಿದರೆ ನಮ್ಮ ಬೀದಿಯ ಎರಡೂ ತುದಿಗೆ ಮರಗಳು ಮಲಗಿದ್ದವು, ವಿದ್ಯುತ್ ತಂತಿ ಬೇಲಿಯ ಮೇಲೆ ಜೋತುಬಿದ್ದಿತ್ತು. ಹೀಟರ್ ಇಲ್ಲ, ಒಲೆ ಇಲ್ಲ, ಬಿಸಿನೀರಿಲ್ಲ. ಫೋನಿಗೂ ಸಿಗ್ನಲ್ ಇಲ್ಲ, ಗುಡ್ಡದ ರಸ್ತೆಗಳೆಲ್ಲ ಬಂದ್. ಅಪ್ಪ ಎಲ್ಲಿದ್ದಾನೆಂದು ನಮಗೆ ಗೊತ್ತಿಲ್ಲ, ನಾವು ಹೇಗಿದ್ದೇವೆಂದು ಅವನಿಗೆ ಗೊತ್ತಿಲ್ಲ.

ಮೊದಲ ದಿನ ನನಗೆ ಹಬ್ಬ, ಸುಳ್ಳೇಕೆ ಹೇಳಲಿ. ಹಿತ್ತಿಲಿನ ಮಾಡಿನ ಕೆಳಗೆ ಅಪ್ಪನ ಬಾರ್ಬೆಕ್ಯೂ ಒಲೆ ಇತ್ತು. ಅಜ್ಜಿ ಸೆರಗು ಸಿಕ್ಕಿಸಿ ಅದಕ್ಕೆ ಇದ್ದಿಲು ಸುರಿದು ಗಂಜಿ ಬೇಯಿಸಿದಳು, ಕೆಂಡದ ಮೇಲೆ ಹಪ್ಪಳ ಸುಟ್ಟಳು. "ಕರೆಂಟ್ ಇಲ್ಲದಿದ್ರೆ ಇವರಿಗೆ ಕೈಕಾಲೇ ಇಲ್ಲ" ಎಂದು ಇಡೀ ದೇಶವನ್ನೇ ಗೇಲಿ ಮಾಡಿದಳು. ಮಧ್ಯಾಹ್ನ ಚೆನ್ನೆಮಣೆ ಆಡಿದೆವು. ಅವಳು ಊರಿನಿಂದ ತಂದ ಕೆಂಪು ಮಂಜೊಟ್ಟಿ ಬೀಜಗಳನ್ನು ಏರ್‌ಪೋರ್ಟಿನಲ್ಲಿ ಕಿತ್ತುಕೊಂಡಿದ್ದರು. ಹಾಗಾಗಿ ಹನ್ನೆರಡು ಮೊಟ್ಟೆಯ ಡಬ್ಬಕ್ಕೆ ಇನ್ನೆರಡು ಗುಳಿ ಅಂಟಿಸಿ, ಅಂಗಿಯ ಗುಂಡಿಗಳನ್ನು ತುಂಬಿಸಿದ ಆಟ ಅದು. ಅಜ್ಜಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ ನನ್ನನ್ನೇ ಬೈಯುತ್ತಿದ್ದಳು.

ಎರಡನೇ ದಿನ ಗೇಲಿ ನಿಂತಿತು. ಗೋಡೆಗಳೆಲ್ಲ ತಣ್ಣಗೆ ಕೊರೆಯುತ್ತಿದ್ದವು. ಮಾತಾಡಿದರೆ ಬಾಯಿಂದ ಆವಿ ಬರುತ್ತಿತ್ತು. ಮಧ್ಯಾಹ್ನ ಅಜ್ಜಿ ತಮ್ಮನ ಕಾಲುಚೀಲದೊಳಗೆ ಬೆರಳಿಟ್ಟು ನೋಡಿ, "ಅಯ್ಯೋ ದೇವರೇ, ಮಗು ಐಸಾಗಿದೆ" ಎಂದಳು. ಅವಳ ಮುಖದಲ್ಲಿ ಹೆದರಿಕೆ ನೋಡಿದ್ದು ನಾನು ಅದೇ ಮೊದಲು.

ಆಗ ಅವಳು ಊರಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದಳು. ದೊಡ್ಡ ಕಬ್ಬಿಣದ ಬಾಣಲೆಗೆ ಕೆಂಡ ತುಂಬಿ, ಹೊಗೆಯೆಲ್ಲ ಹೋಗುವವರೆಗೆ ಹಿತ್ತಿಲಲ್ಲೇ ಕಾದು, ಬಾಣಂತಿ ಕೋಣೆಗೆ ತಂದಿಟ್ಟಳು. ಕಿಟಕಿ ಮುಚ್ಚಿ ಸಂದಿಗೆ ಟವೆಲ್ ತುರುಕಿದಳು. ಬಾಗಿಲಡಿಗೆ ಬೆಡ್‌ಶೀಟ್ ಸುತ್ತಿಟ್ಟಳು. "ನಿನ್ನ ಅಮ್ಮನ್ನ ಹೆತ್ತಾಗ ನಂಗೂ ಹೀಗೇ ಕೆಂಡ ಇಟ್ಟಿದ್ರು" ಎಂದಳು. ಕೋಣೆ ಬೆಚ್ಚಗಾಯಿತು. ಚಾವಣಿಯ ಹೊಗೆ ಅಲಾರಂ ಕೂಗಲಿಲ್ಲ. ಕೂಗಲು ಹೊಗೆಯೇ ಇರಲಿಲ್ಲ. ಎಲ್ಲರೂ ಒಂದೇ ಹಾಸಿಗೆಯಲ್ಲಿ ಕೂತು ಚೆನ್ನೆಮಣೆ ಹರವಿದೆವು.

ಸ್ವಲ್ಪ ಹೊತ್ತಿಗೆ ಅಮ್ಮ, "ತಲೆ ಸಿಡೀತಾ ಉಂಟಮ್ಮ" ಎಂದಳು.

"ಶೀತ ಅದು. ಮಲಗು" ಎಂದಳು ಅಜ್ಜಿ.

ನನಗೂ ತಲೆ ಭಾರವಾಗಿತ್ತು. ಗುಂಡಿ ಎಣಿಸಲು ಹೋದರೆ ಲೆಕ್ಕ ತಪ್ಪುತ್ತಿತ್ತು. ಅಜ್ಜಿ ಮೋಸ ಮಾಡುವುದನ್ನೂ ಮರೆತಿದ್ದಳು. ಕೆಂಡ ಬೂದಿಯಾಗುತ್ತಿದೆ, ಇನ್ನಷ್ಟು ಇದ್ದಿಲು ತಾ ಎಂದು ನನ್ನನ್ನು ಕಳಿಸಿದಳು. ಹಿತ್ತಿಲಿಗೆ ಹೋದಾಗ ಚಳಿಗಾಳಿ ಮುಖಕ್ಕೆ ಬಡಿದು ಎಚ್ಚರವಾದಂತಾಯಿತು. ಇದ್ದಿಲಿನ ಚೀಲ ಎತ್ತಿದೆ. ಅದರ ಬೆನ್ನಿಗೆ ಒಂದು ಮನೆಯ ಚಿತ್ರ, ಮನೆಯೊಳಗೆ ಒಲೆ, ಅದರ ಮೇಲೆ ದೊಡ್ಡ ಕೆಂಪು ಅಡ್ಡಗೀಟು. ಕೆಳಗಿದ್ದ ಇಂಗ್ಲಿಷನ್ನು ಓದಿದೆ. ಮನೆಯೊಳಗೆ ಉರಿಸಿದರೆ ಸಾಯುತ್ತೀರಿ ಎಂದು ಬರೆದಿತ್ತು, ಕಾಣದ, ವಾಸನೆಯಿಲ್ಲದ ಅನಿಲವೊಂದರ ಹೆಸರೂ ಇತ್ತು.

ಚೀಲ ಬಿಸಾಕಿ ಓಡಿದೆ. "ಕಾರ್ಬನ್ ಮೊನಾಕ್ಸೈಡ್! ಅಜ್ಜೀ, ಕಾರ್ಬನ್ ಮೊನಾಕ್ಸೈಡ್!"

"ಯಾರು ಬಂದದ್ದು?" ಎಂದಳು ಅಜ್ಜಿ.

ನನಗೆ ತಿಳಿದ ಇಂಗ್ಲಿಷನ್ನೆಲ್ಲ ಒಂದೇ ಉಸಿರಿಗೆ ಕೂಗಿದೆ. ಅವಳು ಪೆಚ್ಚಾಗಿ ನೋಡುತ್ತಿದ್ದಳು. ಅಮ್ಮನ ಭುಜ ಹಿಡಿದು ಅಲುಗಾಡಿಸಿದೆ, ಅಮ್ಮ ಕಣ್ಣು ಬಿಡಲಿಲ್ಲ. ಹಾಲು ಕುಡಿಯುವ ಹೊತ್ತು ಮೀರಿದ್ದರೂ ತಮ್ಮ ಅಳುತ್ತಿರಲಿಲ್ಲ. ಕಿಟಕಿಗೆ ಹಾರಿ ಟವೆಲ್ ಕಿತ್ತೆ. ಅಷ್ಟರಲ್ಲಿ ಅಜ್ಜಿ ನನ್ನ ರಟ್ಟೆ ಹಿಡಿದು ಕೆನ್ನೆಗೆ ಬಾರಿಸಿದಳು.

"ಬುದ್ಧಿ ಉಂಟಾ ನಿಂಗೆ? ಬಾಣಂತಿಗೆ ಗಾಳಿ ತಾಗ್ತದೆ!"

ಕೆನ್ನೆ ಉರಿಯುತ್ತಿತ್ತು. ವಿಷಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನನಗೆ ನೆನಪಾಗಲಿಲ್ಲ. ನೆನಪಾದದ್ದು ಅವಳದೇ ಮಾತು.

"ಒಳಗಿನ ಗಾಳಿ ಅಜ್ಜೀ! ಹೊರಗಿಂದಲ್ಲ, ಒಳಗಿನ ಗಾಳಿ ತಾಗ್ತಾ ಉಂಟು! ಅಮ್ಮ ಸಾಯ್ತಾಳೆ!"

ನಾನು ಅವಳಿಗೆ ಬಿಡಿಸಿ ಹೇಳಿದ ಮೊದಲ ಕನ್ನಡ ಅದು. ಅಜ್ಜಿ ತಿರುಗಿ, "ಶಾಲೂ" ಎಂದು ಅಮ್ಮನನ್ನು ಕರೆದಳು. ಇನ್ನೊಮ್ಮೆ ಕರೆದಳು. ಆಮೇಲೆ ಏನೂ ಕೇಳಲಿಲ್ಲ. ಸೆರಗಿನಲ್ಲೇ ಬಾಣಲೆ ಹಿಡಿದೆತ್ತಿಕೊಂಡು ಹಿತ್ತಿಲಿಗೆ ತೂರಾಡುತ್ತಾ ಓಡಿದಳು. ನಾನು ಕಿಟಕಿ ತೆಗೆದೆ. ಅವಳು ಮರಳಿ ಬಂದು ತಮ್ಮನನ್ನು ನನ್ನ ಕೈಗೆ ಕೊಟ್ಟು, ಅಮ್ಮನ ಕಂಕುಳಿಗೆ ಕೈ ಹಾಕಿ ದರದರ ಎಳೆದುಕೊಂಡು ಜಗಲಿಗೆ ಬಂದಳು. ಗಾಳಿ ತಾಗಬಾರದೆಂದು ಹದಿನಾರು ದಿನ ಕಾದವಳು ಇಬ್ಬರನ್ನೂ ಚಳಿಗಾಳಿಯಲ್ಲಿ ಮಲಗಿಸಿ, "ಉಸಿರು ತಗೊಳ್ಳೇ, ಶಾಲೂ, ಉಸಿರು ತಗೊಳ್ಳೇ" ಎನ್ನುತ್ತಿದ್ದಳು.

ಮಗು ಸುಮ್ಮನಿತ್ತು. ನಾನು ಅದರ ಅಂಗಾಲಿಗೆ ಚಿವುಟಿದೆ. ಮತ್ತೆ ಚಿವುಟಿದೆ. ಕಿರ್ ಎಂದು ಸಣ್ಣ ದನಿ ಬಂತು, ಆಮೇಲೆ ಬೀದಿಯೇ ಕೇಳುವಷ್ಟು ದೊಡ್ಡದಾಯಿತು. ಅಮ್ಮ ಮಗ್ಗುಲಾಗಿ ವಾಂತಿ ಮಾಡಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಆ ಗಲಾಟೆಗೆ ಎದುರು ಮನೆಯ ಮುದುಕ ಜಿಮ್ ಅಂಕಲ್ ಬಂದ, ಬೀದಿಯ ತುದಿಗೆ ಬಿದ್ದ ಮರ ಹತ್ತಿಳಿದು, ಗುಡ್ಡದ ಜನರಿಗೆಂದು ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿದ್ದ ಆಂಬ್ಯುಲೆನ್ಸಿಗೆ ಓಡಿಹೋಗಿ ಜನ ಕರೆತಂದ. ಅವರು ಎಲ್ಲರ ಮುಖಕ್ಕೂ ಆಮ್ಲಜನಕದ ಮಾಸ್ಕ್ ಹಾಕಿದರು. ಅಜ್ಜಿಯ ಎರಡೂ ಅಂಗೈ ಸುಟ್ಟು ಬೊಬ್ಬೆ ಬಂದಿದ್ದನ್ನು ಆಗಲೇ ನೋಡಿದ್ದು.

ಎಲ್ಲರೂ ಬದುಕಿದೆವು. ಆಸ್ಪತ್ರೆಗೆ ಓಡಿ ಬಂದ ಅಪ್ಪ ಅಜ್ಜಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತೇನೋ. ಕೈಯ ಗಾಯ ಮಾಯುವುದರೊಳಗೆ ಅಜ್ಜಿ ಬೇರೆಯೇ ಆಗಿಬಿಟ್ಟಳು. ಗಂಜಿಗೆ ಉಪ್ಪು ಹಾಕುವ ಮೊದಲು ಅಮ್ಮನನ್ನು ಕೇಳುವಳು. "ಪುಟ್ಟೀ, ಈ ಸ್ವಿಚ್ ಒತ್ತಬಹುದಾ?" "ಪುಟ್ಟೀ, ಪಾಪುವನ್ನ ಎತ್ತಿಕೊಳ್ಳಲಾ?" ಎಂದು ಒಂಬತ್ತು ವರ್ಷದ ನನ್ನ ಮುಖ ನೋಡುವಳು. ನಾನು ಬೇಕೆಂದೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೈಗುಳಕ್ಕೆ ಕಾಯುತ್ತಿದ್ದೆ. ಅವಳು ಅರ್ಥವಾದವಳಂತೆ ತಲೆಯಾಡಿಸುತ್ತಿದ್ದಳು. ಚೆನ್ನೆಮಣೆಯಲ್ಲಿ ಮೋಸ ಕೂಡ ಮಾಡಲಿಲ್ಲ.

ವೀಸಾ ಮುಗಿದು ಹೋದವಳು ಮತ್ತೆ ಬರಲಿಲ್ಲ. ಈಗ ಅವಳೂ ಇಲ್ಲ. ತಮ್ಮ ನನಗಿಂತ ಎತ್ತರ ಬೆಳೆದಿದ್ದಾನೆ, ಅವನಿಗೆ ಕನ್ನಡದ ನಾಲ್ಕು ಮಾತೂ ನೆಟ್ಟಗೆ ಬರುವುದಿಲ್ಲ. ನಾನು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಅಪ್ಪನ ಹಾಗೇ ನರ್ಸ್ ಆಗಿದ್ದೇನೆ. ಬಾಡಿಗೆಯ ಫ್ಲ್ಯಾಟಿನಲ್ಲಿ ಎಂಥ ಚಳಿಯಿದ್ದರೂ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡುತ್ತೇನೆ. ಜೊತೆಗಿರುವ ಹುಡುಗಿಯರು ಗೊಣಗುತ್ತಾರೆ, ಗೊಣಗಲಿ.

ಅಮ್ಮ ಇವತ್ತಿಗೂ ಬಂದವರಿಗೆಲ್ಲ, "ಅವತ್ತು ನಮ್ಮನ್ನ ಉಳಿಸಿದ್ದು ಇವಳೇ" ಎನ್ನುತ್ತಾಳೆ. ನಾನು ಕೆನ್ನೆ ಮುಟ್ಟಿಕೊಳ್ಳುತ್ತೇನೆ. ಅಜ್ಜಿ ನನ್ನನ್ನು ಬೈದದ್ದು ಅವತ್ತೇ ಕೊನೆ.